ಗುಡ್ಡದ ಬ್ಯಾಟರಿಯೂ ಝಿವ್ಕಾ ಕೊರೆಸಿದ ಕಿಂಡಿಯೂ

ನಮ್ಮ ಹವ್ಯಾಸಿ ರೇಡಿಯೋ ಕ್ಲಬ್ಬಿನ ಅಧ್ಯಕ್ಷರಾದ ಲ್ಯುಬೆನ್ ಅವರೇ, ಪರ್ವತ ರಕ್ಷಣಾ ದಳದ ಮುಖ್ಯಸ್ಥರಾದ ಸಾವಾ ಅವರೇ, ಆಗಲೇ ಬಾನಿತ್ಸಾ ತಿಂಡಿಯ ತಟ್ಟೆಯ ಮೇಲೆ ಕಣ್ಣಿಟ್ಟಿರುವ ಮಿತ್ರರೇ, ಸಭಿಕರೇ,

ಕಣಿವೆಯಿಂದ ಕಣಿವೆಗೆ ನಮ್ಮ ದನಿ ದಾಟಿಸುವ ಗುಡ್ಡದ ರಿಪೀಟರನ್ನು ಇಷ್ಟು ವರ್ಷ ನೋಡಿಕೊಂಡವನು ನಾನು; ಹೋದ ವರ್ಷದಿಂದ ಅಲ್ಲಿ ಕೆಲಸ ಮಾಡುತ್ತಿರುವ ಝಿವ್ಕಾಳ ಉಸ್ತುವಾರಿಗೆ ಇಂದು ಅದನ್ನು ಅಧಿಕೃತವಾಗಿ ಒಪ್ಪಿಸುತ್ತಿದ್ದೇವೆ. ಅವಳನ್ನು ಅಭಿನಂದಿಸಿ ನಾಲ್ಕು ಮಾತಾಡಬೇಕೆಂದು ನನಗೆ ಹೇಳಿದ್ದಾರೆ. ಅಭಿನಂದಿಸೋಣ. ಆದರೆ ಅದಕ್ಕೆ ಮೊದಲು ಕೇಳುತ್ತೇನೆ: ಜನವರಿಯಲ್ಲಿ ನಮ್ಮ ಬ್ಯಾಟರಿಗಳನ್ನು ಕೊಂದವರು ಯಾರು?

ನಗಬೇಡಿ. ಬಿರುಗಾಳಿಗೆ ಕರೆಂಟು ಹೋಯಿತು. ರಿಪೀಟರ್ ಬ್ಯಾಟರಿಯ ಮೇಲೆ ನಡೆಯಬೇಕಿತ್ತು, ನಡೆಯಲಿಲ್ಲ. ಹಿಮದಲ್ಲಿ ಸಿಕ್ಕಿಬಿದ್ದ ಇಬ್ಬರನ್ನು ಹುಡುಕಲು ಹೋದ ಸಾವಾ ಅವರ ಹುಡುಗರಿಗೆ ಒಬ್ಬರ ದನಿ ಒಬ್ಬರಿಗೆ ಕೇಳಲಿಲ್ಲ. ಇಬ್ಬರೂ ಬದುಕಿದರು, ಆದರೆ ಒಬ್ಬನ ಕಾಲಿನ ಬೆರಳುಗಳು ಉಳಿಯಲಿಲ್ಲ. ಮರುದಿನ ರಿಪೀಟರ್ ಇಟ್ಟಿರುವ ಗುಡಿಸಲಿನ ಬಾಗಿಲು ತೆಗೆದರೆ ಕೊಳೆತ ಮೊಟ್ಟೆಯ ನಾತ! ಬ್ಯಾಟರಿಗಳು ಹೊಟ್ಟೆ ಉಬ್ಬಿಸಿಕೊಂಡು ಕೂತಿದ್ದವು.

ಆ ಬ್ಯಾಟರಿಗಳನ್ನು ತಂದವರು ಯಾರು? ಝಿವ್ಕಾ. ನೀರು ಕುಡಿದು ದುಡಿಯುತ್ತಿದ್ದ ಹಳೆಯವನ್ನು ತೆಗೆಸಿ, ನೀರು ಹಾಕಲು ಮುಚ್ಚಳವೇ ಇಲ್ಲದ ಹೊಸ ಜಾತಿಯವನ್ನು ತಂದಳು. ಅಷ್ಟಕ್ಕೇ ನಿಂತಳೇ? ಸೂರಿನ ಕೆಳಗೆ ಗೋಡೆಯಲ್ಲಿ ಕಿಂಡಿ ಕೊರೆಸಿದಳು. "ಯಾಕಮ್ಮಾ, ಹಿಮ ಒಳಗೆ ಬಂದು ಕಾಫಿ ಕುಡೀಲಿ ಅಂತಾನಾ?" ಎಂದೆ. "ವೆಲ್ಕೋ ಮಾವ, ಚಾರ್ಜ್ ಆಗೋವಾಗ ಏನಾದ್ರೂ ಎಡವಟ್ಟಾದ್ರೆ ಗ್ಯಾಸ್ ಹೊರಗೆ ಹೋಗ್ಬೇಕಲ್ಲ? ಒಂದು ಕಿಡಿ ಸಾಕು" ಎಂದಳು. ಎಡವಟ್ಟಾಗುತ್ತದೆಂದು ಅವಳಿಗೆ ಮೊದಲೇ ಹೇಗೆ ಗೊತ್ತು? ನೀವೇ ಯೋಚಿಸಿ. ಚಾರ್ಜರಿನ ಮೇಲೆ "ಮುಟ್ಟಬೇಡಿ" ಎಂಬ ಚೀಟಿ ಬೇರೆ! ಯಾರು ಮುಟ್ಟಬಾರದು? ಯಾಕೆ ಮುಟ್ಟಬಾರದು?

ನನ್ನ ಹೆಂಡತಿ ಡೋನ್ಕಾ ಹೇಳುತ್ತಿದ್ದಳು, "ನಿಮಗೆ ಗಡಿಯಾರದ ಮೇಲೂ ಅನುಮಾನ, ಅದಕ್ಕೇ ಎರಡೆರಡು ಕಟ್ಕೋತೀರ." ಹೌದು, ನೋಡಿ, ಇವತ್ತೂ ಎರಡು ಕಟ್ಟಿದ್ದೇನೆ. ಅವಳು ತೀರಿಕೊಂಡ ಮೇಲೆ ಆ ಗುಡ್ಡ ಹತ್ತುವುದೊಂದೇ ನನಗೆ ಉಳಿದ ಕೆಲಸ. ಅದನ್ನೂ ಬಿಟ್ಟುಕೊಡು ಎಂದರೆ ಹೊಟ್ಟೆ ಉರಿಯುವುದಿಲ್ಲವೇ?

ಅದಕ್ಕೇ ಕ್ರಿಸ್ಮಸ್ ಮುಗಿದ ಮೇಲೆ, ನನ್ನ ಬಳಿಯೇ ಉಳಿದಿದ್ದ ಎರಡನೆಯ ಕೀಲಿಕೈ ಹಿಡಿದು ಒಬ್ಬನೇ ಹತ್ತಿದೆ, ಅವಳೇನು ಮಾಡಿಟ್ಟಿದ್ದಾಳೆ ನೋಡೋಣವೆಂದು. ಎಲ್ಲ ಸರಿಯಾಗಿತ್ತು. ಅದರಿಂದಲೇ ನನ್ನ ಅನುಮಾನ ಇನ್ನೂ ಹೆಚ್ಚಾಯಿತು. ಚಳಿ ಜೋರಾಗಿತ್ತು. ಪ್ರತಿ ಚಳಿಗಾಲದಲ್ಲೂ ಮಾಡುವಂತೆ ಚಾರ್ಜರಿನ ತಿರುಪನ್ನು ಜೋರಿಗೆ ತಿರುಗಿಸಿ, ಬೀಗ ಹಾಕಿ ಇಳಿದೆ. ಜೋರು ಚಾರ್ಜಿಗೆ ಹಳೆಯ ಬ್ಯಾಟರಿಗಳು ಕುದ್ದು ಎಷ್ಟು ಚೆನ್ನಾಗಿ ಚೇತರಿಸಿಕೊಳ್ಳುತ್ತಿದ್ದವು! ಕಡಿಮೆಯಾದ ನೀರನ್ನು ಮುಚ್ಚಳ ತೆಗೆದು ತುಂಬಿದರಾಯಿತು. ಹೊಸವಕ್ಕೆ ಮುಚ್ಚಳವೇ...

ಮುಚ್ಚಳವೇ ಇಲ್ಲ. ಕುದ್ದರೆ ಉಬ್ಬಿ ಸಾಯುವುದೇ.

ಸಾವಾ ಅವರೇ, ಹಾಗೆ ನೋಡಬೇಡಿ. "ಈ ಕಿಂಡಿ ಇಲ್ದಿದ್ರೆ ಛಾವಣಿನೇ ಹಾರಿಹೋಗ್ತಿತ್ತು ಕಣೋ" ಎಂದು ಆ ಬಾಗಿಲು ತೆಗೆದ ದಿನ ನೀವು ಹೇಳಿದ್ದು ಈಗ ತಲೆಗೆ ಹೋಗುತ್ತಿದೆ.

ಝಿವ್ಕಾ, ತಿರುಪು ಎಲ್ಲಿಗೆ ತಿರುಗಿತ್ತೆಂದು ನೀನು ಅವತ್ತೇ ನೋಡಿದ್ದೆ, ಅಲ್ಲವೇ? ಎರಡನೆಯ ಕೀಲಿಕೈ ಯಾರ ಹತ್ತಿರ ಇದೆಯೆಂದೂ ನಿನಗೆ ಗೊತ್ತಿತ್ತು. ಇಷ್ಟು ದಿನ ಊರೆಲ್ಲ ನಿನ್ನನ್ನೇ ಬೈದರೂ, ನಾನೇ ಮುಂದೆ ನಿಂತು ಬೈದರೂ, ನೀನು ನನ್ನ ಹೆಸರು ಎತ್ತಲಿಲ್ಲ.

ಇಗೋ, ಕೀಲಿಕೈ ಮೇಜಿನ ಮೇಲಿಟ್ಟಿದ್ದೇನೆ. ಬೇಗ ಎತ್ತಿಕೋ ಮಗಳೇ, ನನ್ನನ್ನು ನಂಬಬೇಡ.

ಮಾತಾಡಲು ಅವಕಾಶ ಕೊಟ್ಟ ಅಧ್ಯಕ್ಷರಿಗೆ ವಂದನೆಗಳು, ಕೊಡದಿದ್ದರೆ ಚೆನ್ನಾಗಿತ್ತು. ಕೇಳಿಸಿಕೊಂಡ ನಿಮಗೆಲ್ಲ ನಮಸ್ಕಾರ.