ಪಂಪ್ ಕಂಪನಿಯ ವರದಿಯಲ್ಲಿ ಸೀಮಂತದ ಕುಣಿತ

ದೇಶದ ವಾಣಿಜ್ಯ ಭವಿಷ್ಯಕ್ಕೆ ಸಂಬಂಧಿಸಿದ ಗಂಭೀರ ವಿಷಯವೊಂದು ನಿನ್ನೆ ಕುಂದಲಹಳ್ಳಿ ಮೆಟ್ರೊದ ಬ್ಯಾಗ್ ತಪಾಸಣೆಯ ಸಾಲಿನಲ್ಲಿ ಇತ್ಯರ್ಥವಾಯಿತು. ನನ್ನ ಮುಂದೆ ಕೊರಳಲ್ಲಿ ಜಾಹೀರಾತು ಏಜೆನ್ಸಿಯ ಟ್ಯಾಗ್ ಹಾಕಿದ್ದ ಇಬ್ಬರು ಸಹೋದ್ಯೋಗಿಗಳಿದ್ದರು. ಕಿರಿಯವಳು ತಲೆ ಎತ್ತುತ್ತಿರಲಿಲ್ಲ.

“ಮಾಲಕ್ಕ, ಜಾಹೀರಾತು ಎಷ್ಟ್ ಜನ ನೋಡಿದ್ರು ಅನ್ನೋ ರಿಪೋರ್ಟಿಗೆ ಪಂಪ್ ಕಂಪನಿ ಇನ್‌ಸ್ಟಾ ಬದ್ಲು ನನ್ನ ಅಕೌಂಟೇ ಕನೆಕ್ಟ್ ಮಾಡ್ಬಿಟ್ಟಿದೀನಿ. ಫೋನಲ್ಲಿ ಅದೇ ಲಾಗಿನ್ ಆಗಿತ್ತು.”

“ಅಯ್ಯೋ ಸುಕೃತಿ! ಕಳಿಸ್ಬಿಟ್ಯಾ?”

“ಬೆಳಿಗ್ಗೇನೇ. ಅತ್ತಿಗೆ ಸೀಮಂತದಲ್ಲಿ ನಾನು ಕುಣಿದಿದ್ದ ವಿಡಿಯೋನ ನಲವತ್ತು ಸಾವಿರ ಜನ ನೋಡಿದಾರೆ. ಅದೇ ನಂಬರ್ ಹೋಗಿದೆ.”

“ಪಂಪ್ ಕಂಪನಿ ಓನರ್ ಏನಂದ್ರು?”

“‘ಸಕ್ಕತ್ ಕೆಲ್ಸ ಕಣಮ್ಮ, ಇಂಗೇ ಮಾಡು’ ಅಂತ ಹೊಗಳಿದ್ರು. ನಾಚಿಕೆಗೆ ‘ಥ್ಯಾಂಕ್ಸ್ ಸಾರ್’ ಅಂದು ಫೋನಿಟ್ಬಿಟ್ಟೆ.”

“ಹೊಗಳಿಸ್ಕೊಂಡು ಸುಮ್ನಿದ್ಯಾ? ಈಗ್ಲೇ ಹೇಳು.”

ತಪಾಸಣೆ ಮುಗಿದ ಮೇಲೆ ಸುಕೃತಿ ಗೋಡೆಗೆ ಮುಖಮಾಡಿ ಓನರ್‌ಗೆ ಫೋನ್ ಮಾಡಿದಳು.

“ಸಾರ್, ಆ ನಲವತ್ತು ಸಾವಿರ ನನ್ ಕುಣಿತ ನೋಡಿದೋರ ಲೆಕ್ಕ. ನಿಮ್ ಪಂಪ್ ನೋಡಿರೋದು ಹನ್ನೆರಡು ಜನ.”

ಇಬ್ಬರೂ ಎಸ್ಕಲೇಟರ್ ಏರಿದರು.