ಇನ್ನೂ ತಿರುಗ್ತಾನೇ ಐತೆ

ಮೆಲ್ಲಗೆ ಹೇಳ್ತೀನಿ, ಹತ್ರ ಬನ್ನಿ. ಇದು ನಮ್ಮ ದೊಡ್ಡಪ್ಪನ ಮಗಳು ಲಾವಣ್ಯಂಗೆ ಆಗಿದ್ದು. ಅವಳು ಕೆಳಗಡೆ ಮನೇಲೇ ಮಲಗಿದಾಳೆ, ಕೇಳಿಸ್ಬಾರದು...

ಅವತ್ತು ಮೇಲೂರಲ್ಲಿ ಬಸ್ಸು ಇಳಿಯೋ ಹೊತ್ತಿಗೆ ಕತ್ತಲಾಗಿತ್ತು. ಒಬ್ಬಳೇ ನಡ್ಕೊಂಡು ಬರ್ತಿದ್ಳು. ಹಿಪ್ಪುನೇರಳೆ ತೋಟ ದಾಟಿದ್ರೆ ಒಂದು ಹಳೇ ಬಾವಿ. ನೀರು ಬತ್ತಿ ಎಷ್ಟೋ ಕಾಲ ಆಗಿದೆ. ಅದರ ಹತ್ರ ಕೇಳ್ತು. ಟಿಕ್... ಟಿಕ್... ಆಮೇಲೆ ಕರ್ರ್ ಅಂತ ಸಣ್ಣ ಕೆರೆತ. ಮತ್ತೆ ಟಿಕ್.

ಕಪ್ಪೆ ಅಲ್ಲ, ಜೀರುಂಡೆ ಅಲ್ಲ. ಕಂಪ್ಯೂಟರಲ್ಲಿ ಕೆಡ್ತಿರೋ ಹಾರ್ಡ್ ಡಿಸ್ಕಿನ ಸದ್ದು. ಅವಳಿಗದು ಚೆನ್ನಾಗಿ ಗೊತ್ತು.

ಅವಳ ಕೆಲಸ ಶಿಡ್ಲಘಟ್ಟದ ಒಂದು ಖಾಸಗಿ ಆಸ್ಪತ್ರೇಲಿ, ಕಂಪ್ಯೂಟರ್ ನೋಡ್ಕೊಳ್ಳೋದು. ಅವರಿಗೆ ಚಿಕ್ಕಬಳ್ಳಾಪುರ, ಗೌರಿಬಿದನೂರು, ಚಿಂತಾಮಣೀಲೂ ಆಸ್ಪತ್ರೆ ಇದೆ. ಯಾವ ಗುಂಪಿನ ರಕ್ತ ಯಾವ ಊರಲ್ಲಿದೆ ಅಂತ ತೋರಿಸೋಕೆ ಒಂದು ಆಪ್. ಆ ಮಾಹಿತೀನ ನಾಲ್ಕೂ ಊರಿನ ಸರ್ವರುಗಳಲ್ಲಿ ಹಂಚಿಟ್ಟಿರ್ತಾರೆ. ಒಂದು ಪೂರ್ತಿ ಕೆಟ್ಟರೆ ಮಿಕ್ಕವು ಅದನ್ನ ಬಿಟ್ಟು ಮುಂದೆ ಹೋಗ್ತವೆ. ಆದ್ರೆ ಚಿಂತಾಮಣೀದು ಪೂರ್ತಿ ಕೆಟ್ಟಿರಲಿಲ್ಲ. ಡಿಸ್ಕು ಕುಂಟ್ತಾ ಇತ್ತು. ಇದೀನಿ, ಇದೀನಿ ಅನ್ನೋದು... ಕೇಳಿದ್ದು ಮಾತ್ರ ಕೊಡ್ತಿರಲಿಲ್ಲ. ಮಿಕ್ಕವೆಲ್ಲ ಅದಕ್ಕೆ ಕಾಯ್ತಾ ನಿಂತಿದ್ವು.

ಡಿಸ್ಕು ಕೆಡ್ತಿದೆ ಅಂತ ಲಾವಣ್ಯಳ ಫೋನಿಗೆ ಎಚ್ಚರಿಕೆ ಬಂದಿತ್ತು. ಸೋಮವಾರ ನೋಡಣ ಅಂತ ಅದನ್ನ ಸೈಲೆಂಟ್ ಮಾಡಿದ್ಳು. ಭಾನುವಾರ ಗೌರಿಬಿದನೂರಲ್ಲಿ ಶಾಂತಕುಮಾರಿ ಅನ್ನೋ ಬಾಣಂತಿಗೆ ರಕ್ತ ಬೇಕಾಯ್ತು. ಆಕೆ ಮಂಚದ ಎದುರಿಗಿದ್ದ ಸ್ಕ್ರೀನ್ ಮೇಲೆ ಆಪಿನ ಲೋಡಿಂಗ್ ಚಕ್ರ ತಿರುಗ್ತಾನೇ ಇತ್ತು. ಕಡೆಗೆ ನರ್ಸು ಒಂದೊಂದೇ ಊರಿಗೆ ಫೋನ್ ಮಾಡಿದ್ರು. ಚಿಕ್ಕಬಳ್ಳಾಪುರದಲ್ಲಿತ್ತು. ತರೋ ಹೊತ್ತಿಗೆ ಆಕೆ ಇರಲಿಲ್ಲ.

ಮಾರನೇ ದಿನ ಲಾವಣ್ಯ ಡಿಸ್ಕ್ ಬದಲಾಯಿಸಿದ್ಳು. ತಿಥಿ ಎಲ್ಲ ಮುಗಿದ ಮೇಲೆ ಆಪ್ ಯಾಕೆ ನಿಧಾನ ಆಯ್ತು ಅಂತ ಹುಡುಕೋ ಕೆಲಸ ಅವಳಿಗೇ ಬಂತು. ಹುಡುಕೋದೇನಿತ್ತು... ಮ್ಯಾನೇಜರ್ ಮಧುಸೂದನ್‌ಗೆ, "ನೆಟ್‌ವರ್ಕ್ ಪ್ರಾಬ್ಲಮ್ಮು ಸಾರ್," ಅಂದ್ಳು. ಅವರು ನಂಬಿದ್ರು. ಆ ಸಂಜೇನೇ ಈ ಬಾವಿ ಹತ್ರ ಬಂದದ್ದು.

ಸದ್ದು ನಿಂತು ಹೋಯ್ತು. ಕಟ್ಟೆಯ ಆ ಕಡೆಯಿಂದ ಒಂದು ಹೆಂಗಸಿನ ದನಿ. ಪಿಸುಮಾತು.

"ಇನ್ನೂ ತಿರುಗ್ತಾನೇ ಐತಾ ಅಮ್ಮಾ?"

"ಚಳಿ ಆಗ್ತೈತೆ... ನೋಡಿ ಹೇಳಮ್ಮ."

"ಸರಿಯಾಯ್ತು," ಅಂದ್ಳಂತೆ ಇವಳು. "ಈಗ ಸರಿಯಾಗಿದೆ."

ಆಮೇಲೆ...

"ಮತ್ತೆ ನಂಗ್ಯಾಕಮ್ಮ ಇನ್ನೂ ಬಂದಿಲ್ಲ?"

ಮನೆಗೆ ಹೇಗೆ ಬಂದ್ಳೋ ಅವಳಿಗೇ ಗೊತ್ತಿಲ್ಲ. ಊಟ ಮುಟ್ಟಲಿಲ್ಲ. ಬೆಳಿಗ್ಗೆ ಮಧುಸೂದನ್‌ಗೆ ಫೋನ್ ಮಾಡಿ ನಿಜ ಹೇಳಿದ್ಳು. ಆಮೇಲೆ ನನ್ನನ್ನ ಜೊತೆಗೆ ಕರ್ಕೊಂಡು ಗೌರಿಬಿದನೂರಿಗೆ ಹೊರಟ್ಳು. ಇಲ್ಲಿಂದ ಮುಂದಿನದು ನಾನೇ ಕಂಡಿದ್ದು.

ಶಾಂತಕುಮಾರಿ ಗಂಡ ಜಗನ್ ಬಾಗಿಲಲ್ಲಿ ಕೂತಿದ್ದ. ತೊಡೆ ಮೇಲೆ ಮಗು. ಲಾವಣ್ಯ ತಾನು ಯಾರು ಅಂತ ಹೇಳಿ, "ಕೆಟ್ಟಿದೆ ಅಂತ ನಂಗೆ ಗೊತ್ತಿತ್ತು ಅಣ್ಣ. ಆಮೇಲೆ ನೋಡಣ ಅಂತ ಬಿಟ್ಟೆ," ಅಂದ್ಳು.

ಅವನು ಬಯ್ಯಲಿಲ್ಲ. ಮಗುವಿನ ಕುಲಾವಿ ಸರಿ ಮಾಡ್ತಾ ಕೂತ.

"ಅವಳಿಗೆ ಪ್ರಜ್ಞೆ ಇತ್ತು," ಅಂದ. "ಬಂತಾ, ಬಂತಾ ಅಂತ ಕೇಳ್ತಾನೇ ಇದ್ಳು."

ಅಷ್ಟೇ ಅಂದಿದ್ದು. ಲಾವಣ್ಯ ಅವನ ಎದುರಿಗೇ ನೆಲದ ಮೇಲೆ ಕೂತ್ಬಿಟ್ಳು. ಎಬ್ಬಿಸೋಕೆ ನನ್ನ ಕೈಲಾಗಲಿಲ್ಲ.

ಆಗ ಜಗನ್ ಫೋನು ಟಿಂಗ್ ಅಂತು. ನೋಡಿದ. ನಮ್ಮ ಕಡೆ ತಿರುಗಿಸಿದ. ಮೆಸೇಜು. "ಶಾಂತಕುಮಾರಿ ಅವರಿಗೆ ರಕ್ತ ಸಿದ್ಧವಿದೆ. ಬಂದು ಪಡೆಯಿರಿ." ಕಳಿಸಿದವರ ನಂಬರ್ ಇರೋ ಜಾಗ ಖಾಲಿ.

ಆ ಆಪ್ ಯಾರಿಗೂ ಮೆಸೇಜ್ ಕಳಿಸಲ್ಲ. ಕಳಿಸೋ ಏರ್ಪಾಡೇ ಅದರಲ್ಲಿಲ್ಲ. ಮಧುಸೂದನ್ ಎಲ್ಲ ಸರ್ವರೂ ತೆಗೆಸಿ ನೋಡಿದ್ರು... ಎಲ್ಲಿಂದಲೂ ಹೋಗಿಲ್ಲ.

ನನ್ನ ಕಣ್ಣಲ್ಲೇ ಓದಿದೀನಿ ಕಣ್ರೋ. ಜಗನ್ ಅದನ್ನ ಇನ್ನೂ ಅಳಿಸಿಲ್ಲ.