ಮಸ್ಟಾಂಗ್ ಇಟ್ಕೊಳ್ಳಿ, ಶೆವೆಲ್ ಮಾರಿಬಿಡಿ

ಅಲ್ಲ ಅತ್ತಿಗೆ, ನಗಬೇಡಿ. ಜಯಕರಣ್ಣನ ಎದುರು ಶೆವೆಲ್ಲೇ ಮೇಲು ಅಂತ ವಾದ ಮಾಡ್ತಿದ್ದವನು ನಾನೇ, ಒಪ್ಕೋತೀನಿ. ‘ಶೇಷಾದ್ರಿಗೆ ಹೆಂಡತಿಗಿಂತ ಆ ಕಾರೇ ಇಷ್ಟ’ ಅಂತ ನೀವೇ ಆಡ್ಕೋತಿದ್ರಿ. ಈಗ ಅದನ್ನೇ ಮಾರಿಬಿಡಿ ಅಂತಿದೀನಿ. ಕಾರಣ ಇದೆ, ಕೇಳಿ. ನಾಳೆ ರಾಲೀ ಊರಿಂದ ಹಳೇ ಕಾರು ಕೊಳ್ಳೋ ಆ ಮನುಷ್ಯ ಬಂದು ಒಂದು ಕಾರು ತಗೊಂಡು ಹೋಗ್ತಾನೆ. ಇನ್ನೊಂದು ಅಶ್ವಿತಾಗೆ, ಅವಳಪ್ಪನ ನೆನಪಿಗೆ. ಯಾವುದು ಅನ್ನೋದಷ್ಟೇ ಪ್ರಶ್ನೆ.

ಗ್ಯಾರೇಜ್ ಬಾಗಿಲು ಇನ್ನೂ ಎತ್ತುತೀನಿ, ಬೆಳಕು ಬರ್ಲಿ. ಇದು ಮಸ್ಟಾಂಗ್, ಅರವತ್ತೊಂಬತ್ತನೇ ಇಸವಿದು. ಶೆವೆಲ್‌ಗಿಂತ ಹಗುರ, ಅಂದ್ರೆ ತಿರುವಿನಲ್ಲಿ ಹೇಳಿದ ಮಾತು ಕೇಳುತ್ತೆ. ಅದು ಶೆವೆಲ್, ಎಪ್ಪತ್ತರದು. ಎಂಜಿನ್ ದೊಡ್ಡದು, ಎಳೆಯೋ ಶಕ್ತಿ ಜಾಸ್ತಿ, ಆದ್ರೆ ಭಾರ. ನೇರ ರಸ್ತೇಲಿ ಮಾತ್ರ ಹುಲಿ. ನಿಂತಲ್ಲಿಂದ ಅರವತ್ತು ಮೈಲಿ ವೇಗಕ್ಕೆ ಆರೂಕಾಲು ಸೆಕೆಂಡು...

ಯಾಕೆ ಹಾಗೆ ನೋಡ್ತೀರಿ? ಯಾವುದೋ ಮ್ಯಾಗಜಿನ್‌ನಲ್ಲಿ ಓದಿದ್ದು.

ಹೌದು, ಶೆವೆಲ್‌ಗೆ ಫ್ಯಾಕ್ಟರಿಯಿಂದ ಬಂದ ಎಂಜಿನ್ನೇ ಇದೆ, ಎಂಜಿನ್ ನಂಬರು ಕಾರಿನ ನಂಬರಿಗೆ ಹೊಂದುತ್ತೆ. ಹಳೇ ಕಾರು ಸಂಗ್ರಹಿಸೋರು ಮೊದಲು ನೋಡೋದೇ ಅದು. ಮಸ್ಟಾಂಗಿಗೆ ಎಂಜಿನ್ ಬದಲಾಗಿದೆ, ಅದೂ ನಿಜ. ಹಾಗೆ ನೋಡಿದ್ರೆ ಇಟ್ಕೋಬೇಕಾದ್ದು ಶೆವೆಲ್ಲೇ... ಆದ್ರೆ ಬೇಡ ಅತ್ತಿಗೆ. ಅಣ್ಣ ಬಿದ್ದಿದ್ದು ಅದರ ಪಕ್ಕದಲ್ಲೇ ಅಲ್ವಾ. ದಿನಾ ಅದನ್ನ ನೋಡ್ಕೊಂಡು ಹೇಗಿರ್ತೀರಿ?

ಮತ್ತೆ ಹೇಳ್ಬೇಕಾ... ಸರಿ. ಆಯುಧಪೂಜೆ ದಿನ ನೀವು ಎರಡೂ ಕಾರಿಗೆ ಕುಂಕುಮ ಇಟ್ರಿ. ಎಂಟು ಚಕ್ರದಡಿ ಎಂಟು ನಿಂಬೆಹಣ್ಣು ಇಟ್ರಿ. ‘ನಾನು ಬಂದಮೇಲೆ ಹತ್ತಿಸಿ, ಎಲ್ಲರೂ ಒಂದು ಸುತ್ತು ಹೋಗೋಣ’ ಅಂತ ಅಶ್ವಿತಾನ ಡ್ಯಾನ್ಸ್ ಕ್ಲಾಸಿಗೆ ಕರ್ಕೊಂಡು ಹೋದ್ರಿ. ನಾವಿಬ್ರೂ ಇಲ್ಲೇ ಕೂತು ಕಾಫಿ ಕುಡೀತಿದ್ವಿ. ಅಣ್ಣ ಎದ್ರು, ಬಿದ್ರು. ನಾನು ತಕ್ಷಣ ಆಂಬುಲೆನ್ಸಿಗೆ ಫೋನ್ ಮಾಡ್ದೆ. ತಕ್ಷಣ. ಕಾರು ಅಲ್ಲಾಡ್ಲೇ ಇಲ್ಲ. ಹಾರ್ಟಿಗೆ ಒಳ್ಳೇದಲ್ಲ, ಬೇಡ ಅಂತ ಡಾಕ್ಟರು ಅಂದಮೇಲೆ ಅವರು ಯಾಕೆ ಜೋರಾಗಿ ಓಡಿಸ್ತಾರೆ? ನಿಮಗೆ ಮಾತು ಬೇರೆ ಕೊಟ್ಟಿದ್ರು.

ಕೈಲೇನದು, ಡಬ್ಬಿ?

ನಿಂಬೆಹಣ್ಣು... ಒಣಗಿದಾವೆ. ಈ ನಾಲ್ಕು ಗುಂಡಗಿವೆ, ಮಸ್ಟಾಂಗಿನವು. ಈ ನಾಲ್ಕು ಶೆವೆಲ್‌ನವು, ಅಪ್ಪಚ್ಚಿ... ಟೈರಿನ ಗೆರೆ ಇನ್ನೂ ಕಾಣುತ್ತೆ.

ಆರು ತಿಂಗಳಿಂದ ಇಟ್ಕೊಂಡಿದ್ರಾ? ನಾನು ಬಂದಾಗೆಲ್ಲ ಕಾಫಿ ಕೊಟ್ರಿ, ಊಟ ಹಾಕಿದ್ರಿ...

ಏಪೆಕ್ಸ್ ಊರಿನಾಚೆ ಒಂದು ಖಾಲಿ ರಸ್ತೆ. ಅರವತ್ತು ಮೈಲಿಗೆ ಎಷ್ಟು ಸೆಕೆಂಡು ಅನ್ನೋ ಲೆಕ್ಕ ಮಸ್ಟಾಂಗಿಂದು ಹಿಂದಿನ ವಾರವೇ ಸಿಕ್ಕಿತ್ತು, ಶೆವೆಲ್‌ದು ಬಾಕಿ. ಸ್ಟಾಪ್‌ವಾಚ್ ನನ್ನ ಕೈಲಿ. ಒಂದು ಸಲ ಆಯ್ತು. ‘ಎದೆ ಹಿಡಿದ ಹಾಗೆ ಆಗ್ತದೆ ಮಾರಾಯ’ ಅಂದ್ರು. ನಾನು ಬಟನ್ ತಡವಾಗಿ ಒತ್ತಿದ್ದೆ. ಇನ್ನೊಂದೇ ಸಲ ಅಣ್ಣ, ಅಂದೆ.

ಎರಡನೇ ಸಲ ಆರೂಕಾಲು.

ಆಮೇಲೆ ಸ್ಟಿಯರಿಂಗ್ ನಾನು ಹಿಡಿದೆ. ‘ಆಸ್ಪತ್ರೆ ಆಮೇಲೆ, ಮೊದಲು ಕಾರು ಒಳಗೆ ಹಾಕು, ಕುಸುಮಳಿಗೆ ಗೊತ್ತಾಗುವುದು ಬೇಡ’ ಅಂದ್ರು. ನಾನು ಕೇಳ್ದೆ. ಆಸ್ಪತ್ರೆ ಮುಂದೇನೇ ದಾಟಿ ಬಂದೆ ಅತ್ತಿಗೆ. ಇಲ್ಲಿ ಬಂದು, ಅಪ್ಪಚ್ಚಿಯಾದ ಆ ಹಣ್ಣುಗಳ ಮೇಲೇ ಚಕ್ರ ಬರಬೇಕು ಅಂತ, ಹಿಂದೆ ಮುಂದೆ ಮಾಡಿದೆ. ಮೂರು ಸಲ.

ಅಣ್ಣ ಪಕ್ಕದಲ್ಲೇ ಕೂತು ಎರಡು ಸಲ ‘ಇನ್ನೂ ಸ್ವಲ್ಪ ಹಿಂದೆ’ ಅಂದ್ರು. ಮೂರನೇ ಸಲಕ್ಕೆ ಏನೂ ಹೇಳ್ಲಿಲ್ಲ.